ಕಡಿದರೂ ಹರಿಯದ ರಬ್ಬರು

ಪಟಾನ್‌ಚೆರುವಿನಿಂದ ಮುಂಬೈ ದಿಕ್ಕಿಗೆ ಹೊರಟ 65ನೇ ರಾಷ್ಟ್ರೀಯ ಹೆದ್ದಾರಿ ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದ್ ದಾಟಿದರೆ ನಮ್ಮ ಹುಮನಾಬಾದಿಗೆ ಬರುತ್ತದೆ. ಬೀದರ್, ಕಲಬುರಗಿ ಕಡೆಯಿಂದ ಇದೇ ದಾರಿ ಹಿಡಿದು ಬಂದು, ಪಟಾನ್‌ಚೆರುವಿನ ಕಾರ್ಖಾನೆಗಳಲ್ಲಿ ಪಾಳಿ ಕೆಲಸ ಮಾಡುತ್ತ ನೆಲೆ ನಿಂತವರಿದ್ದಾರೆ. ಬಾಡಿಗೆ ಮನೆಯಲ್ಲಿ ಒಂದು ಲ್ಯಾಬ್ರಡಾರ್ ಸಾಕಿ, ಗಂಡ ಹೆಂಡತಿ ಇಬ್ಬರೂ ಡ್ಯೂಟಿಗೆ ಹೋದರೆ ಸಂಜೆ ಬಾಗಿಲು ತೆಗೆದಾಗ ಕಾಣುವುದು ಗೊತ್ತೇ ಇದೆ: ಅರ್ಧ ಚಪ್ಪಲಿ, ಹತ್ತಿ ಹೊರಬಂದ ದಿಂಬು, ನಿನ್ನೆಯಷ್ಟೇ ತಂದ ಆಟಿಕೆಯ ಚೂರುಗಳು. ಆಗ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ. ಇನ್ನೂ ಗಟ್ಟಿಯಾದದ್ದು ತರೋಣ ಎಂದು ಮಟನ್ ಅಂಗಡಿಯ ದಪ್ಪ ಎಲುಬು, ಎಮ್ಮೆಯ ಗೊರಸು, ಗಡಸು ನೈಲಾನಿನ ತುಂಡು ಮನೆಗೆ ಬರುತ್ತವೆ.

ಈ ಉಪಾಯದಿಂದ ಆಟಿಕೆಯೇನೋ ಉಳಿಯುತ್ತದೆ, ಹಲ್ಲು ಹೋಗುತ್ತದೆ. ವಸ್ತುವೊಂದು ಗಡಸಾಗಿರುವುದು ಬೇರೆ, ಹರಿಯದೆ ತಾಳಿಕೊಳ್ಳುವುದು ಬೇರೆ. ಕಡಿಯುವ ನಾಯಿಗೆ ಬೇಕಾದದ್ದು ಎರಡನೆಯದು.

ಮೊದಲು ಬಾಯಿಯೊಳಗೆ ನೋಡೋಣ. ನಾಯಿಮರಿಗೆ ಬರುವುದು 28 ಹಾಲುಹಲ್ಲು. ನಾಲ್ಕನೇ ತಿಂಗಳಿಂದ ಏಳನೇ ತಿಂಗಳೊಳಗೆ ಅವು ಉದುರಿ 42 ಶಾಶ್ವತ ಹಲ್ಲುಗಳು ಮೂಡುತ್ತವೆ. ಆ ದಿನಗಳಲ್ಲಿ ಒಸಡಿನ ಕಿರಿಕಿರಿಗೆ ಮರಿ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಅದು ಕಾಲ ಬಂದಾಗ ತಾನೇ ತಗ್ಗುತ್ತದೆ. ವರ್ಷ ದಾಟಿದ ಮೇಲೂ ನಿಲ್ಲದ ಕಡಿತಕ್ಕೆ ಕಾರಣ ಹೆಚ್ಚಾಗಿ ಬೇಸರ, ಇಲ್ಲವೇ ಒಂಟಿತನದ ದಿಗಿಲು. ಎಷ್ಟೋ ನಾಯಿಗಳಿಗೆ ಕಡಿಯುವುದೇ ಒಂದು ಸುಖ. ಇದನ್ನು ತಪ್ಪೆಂದು ಬೈಯುವುದರಲ್ಲಿ ಅರ್ಥವಿಲ್ಲ. ನಾಯಿಯ ದವಡೆ ಇರುವುದೇ ಇದಕ್ಕಾಗಿ.

ಆ ದವಡೆಯ ಕೆಲಸ ನಮ್ಮದರಂತಲ್ಲ. ನಾವು ದವಡೆಯನ್ನು ಆಚೀಚೆ ಸರಿಸಿ ಅರೆಯುತ್ತೇವೆ. ನಾಯಿಯ ದವಡೆ ಹೆಚ್ಚುಕಡಿಮೆ ಮೇಲೆ ಕೆಳಗೆ ಮಾತ್ರ ಆಡುತ್ತದೆ. ಮೇಲಿನ ನಾಲ್ಕನೇ ಮುಂದವಡೆ ಹಲ್ಲು, ಕೆಳಗಿನ ಮೊದಲ ದವಡೆ ಹಲ್ಲು ಎರಡೂ ಒಂದರ ಪಕ್ಕ ಒಂದು ಸವರಿಕೊಂಡು ಇಳಿಯುತ್ತವೆ, ಅಡಕೊತ್ತಿನ ಎರಡು ಅಲಗುಗಳ ಹಾಗೆ. ನಾಯಿ ತಲೆ ವಾಲಿಸಿ, ಆಟಿಕೆಯನ್ನು ಬಾಯಿಯ ಒಂದು ಬದಿಗೆ ತಳ್ಳಿಕೊಂಡು ಕಡಿಯುವುದನ್ನು ಗಮನಿಸಿದ್ದೀರಲ್ಲ, ಅದು ಈ ಕತ್ತರಿ ಹಲ್ಲುಗಳಿಗೆ ಕೆಲಸ ಕೊಡುತ್ತಿರುವ ಹೊತ್ತು. ಅರಿವಳಿಕೆ ಕೊಟ್ಟು, ದವಡೆಯ ಸ್ನಾಯುಗಳನ್ನು ವಿದ್ಯುತ್ತಿನಿಂದ ಪ್ರಚೋದಿಸಿ ಅಳೆದಾಗ ಹಿಂದಿನ ಹಲ್ಲುಗಳ ಕಡಿತದ ಬಲ ದೊಡ್ಡ ನಾಯಿಗಳಲ್ಲಿ 3,000 ನ್ಯೂಟನ್ ದಾಟಿದ್ದುಂಟು. ಅಂದರೆ ಸುಮಾರು ಮೂರು ಕ್ವಿಂಟಲ್ ಭಾರ ಒಂದು ಹಲ್ಲಿನ ಅಂಚಿನ ಮೇಲೆ.

ಇಷ್ಟು ಬಲ ಹೊರುವ ಹಲ್ಲಿನ ಹೊರಕವಚ ಮಾತ್ರ ತೆಳು. ನಮ್ಮ ದವಡೆ ಹಲ್ಲಿನ ಎನಾಮಲ್ ಎರಡು ಮಿಲಿಮೀಟರಿನಷ್ಟು ದಪ್ಪವಿದ್ದರೆ, ನಾಯಿಯದು ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಎಲುಬು, ಕೊಂಬು, ಗೊರಸು ಬಗ್ಗದೆ ಇದಿರು ನಿಂತಾಗ ಮೇಲಿನ ಕತ್ತರಿ ಹಲ್ಲಿನ ಹೊರಮೈ ಚಕ್ಕೆಯಾಗಿ ಎದ್ದುಬರುತ್ತದೆ, ಎಷ್ಟೋ ಸಲ ಒಳಗಿನ ನರವೂ ಬಯಲಾಗುತ್ತದೆ. ನಾಯಿ ಅಳುವುದಿಲ್ಲ, ಊಟವನ್ನೂ ಬಿಡುವುದಿಲ್ಲ, ಬರೀ ಇನ್ನೊಂದು ಬದಿಯಿಂದ ಅಗಿಯತೊಡಗುತ್ತದೆ. ಕೆಲವು ತಿಂಗಳ ಮೇಲೆ ಕಣ್ಣಿನ ಕೆಳಗೆ ಊತ ಬಂದಾಗ ಏನೋ ಹುಳ ಕಚ್ಚಿರಬೇಕು ಎಂದುಕೊಳ್ಳುತ್ತಾರೆ. ಆ ಹಲ್ಲಿಗೆ ಮೂರು ಬೇರು. ಬೇರಿನ ತುದಿಯ ಕೀವು ಅಲ್ಲಿ ತಲೆ ಎತ್ತಿರುತ್ತದೆ. ಆಮೇಲೆ ರೂಟ್ ಕೆನಾಲ್, ಇಲ್ಲವೇ ಹಲ್ಲು ಕೀಳಿಸುವುದು.

ಆದ್ದರಿಂದ ಆಟಿಕೆ ಕೊಳ್ಳುವ ಮುಂಚೆ ಹೆಬ್ಬೆರಳಿನ ಉಗುರನ್ನು ಅದಕ್ಕೆ ಒತ್ತಿ ನೋಡಬೇಕು. ಉಗುರಿಗೆ ಚೂರಾದರೂ ತಗ್ಗದಿದ್ದರೆ ಅದು ಹಲ್ಲಿಗೂ ತಗ್ಗುವುದಿಲ್ಲ. ಹಲ್ಲಿನ ವೈದ್ಯರು ಹೇಳುವ ಇನ್ನೊಂದು ಪರೀಕ್ಷೆಯೂ ಇದೆ: ಅದರಿಂದ ನಿಮ್ಮ ಮಂಡಿಯ ಚಿಪ್ಪಿಗೆ ಹೊಡೆದುಕೊಂಡರೆ ನೋಯುತ್ತದೆ ಎನ್ನಿಸಿದರೆ ಅಂಗಡಿಯಲ್ಲೇ ಬಿಟ್ಟುಬನ್ನಿ.

ಉಗುರಿಗೆ ತಗ್ಗಬೇಕು, ಹಲ್ಲಿಗೆ ಹರಿಯಬಾರದು. ಇಂಥ ವಸ್ತು ಇದೆಯೇ? ಇದೆ, ಸುಳ್ಯ ಪುತ್ತೂರಿನ ಕಾಡಿನಂಚಿನಲ್ಲಿ ದಿನಾ ಬೆಳಗ್ಗೆ ಅದರ ಹಾಲನ್ನು ಚಿಪ್ಪಿಗೆ ಇಳಿಸುತ್ತಾರೆ. ನೈಸರ್ಗಿಕ ರಬ್ಬರಿನಲ್ಲಿರುವುದು ಉದ್ದನೆಯ ಅಣುಸರಪಳಿಗಳು, ಒಂದಕ್ಕೊಂದು ಸಿಕ್ಕಾಗಿ ಬಿದ್ದಿರುತ್ತವೆ. ಗಂಧಕ ಸೇರಿಸಿ ಕಾಯಿಸಿದರೆ ಸರಪಳಿಗಳ ನಡುವೆ ಸೇತುವೆ ಬಿದ್ದು ಅದು ಬಿಸಿಲಿಗೆ ಜಿಗುಟಾಗದ, ಎಳೆದರೆ ಹಿಂದಿರುಗುವ ರಬ್ಬರಾಗುತ್ತದೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಇದನ್ನೇ.

ಆದರೆ ರಬ್ಬರಿನ ದೊಡ್ಡ ಗುಟ್ಟು ಅದಲ್ಲ. ಅಗಲವಾದ ರಬ್ಬರ್ ಬ್ಯಾಂಡ್ ಒಂದನ್ನು ಫಕ್ಕನೆ ಎಳೆದು ತುಟಿಗೆ ಮುಟ್ಟಿಸಿ ನೋಡಿ, ಬೆಚ್ಚಗಿರುತ್ತದೆ. ಇಂಗ್ಲೆಂಡಿನ ಜಾನ್ ಗಫ್ ಎಂಬ ಅಂಧ ವಿದ್ವಾಂಸ 1805ರಲ್ಲಿ ಹೀಗೆ ತುಟಿಯಿಂದಲೇ ಇದನ್ನು ಗುರುತಿಸಿದ. 1925ರಲ್ಲಿ ಕಾಟ್ಜ್ ಎಂಬ ವಿಜ್ಞಾನಿ ಎಳೆದ ರಬ್ಬರಿನ ಮೂಲಕ ಎಕ್ಸ್-ರೇ ಹಾಯಿಸಿದಾಗ ಕಂಡದ್ದು ಹರಳಿನ ಗುರುತು. ಬಲವಾಗಿ ಎಳೆದ ಕಡೆಯಲ್ಲಿ ಸಿಕ್ಕುಸಿಕ್ಕಾದ ಸರಪಳಿಗಳು ನೇರವಾಗಿ ಸಾಲುಗೂಡಿ ಹರಳುಗಟ್ಟುತ್ತವೆ. ಈಗ ನಾಯಿಯ ಹಲ್ಲು ರಬ್ಬರಿನಲ್ಲಿ ಒಂದು ಸೀಳು ಮಾಡಿತೆನ್ನಿ. ಎಳೆತ ಎಲ್ಲಕ್ಕಿಂತ ಹೆಚ್ಚಿರುವುದು ಸೀಳಿನ ತುದಿಯಲ್ಲಿ. ಸರಿಯಾಗಿ ಅಲ್ಲೇ ಹರಳು ಮೂಡಿ, ಸೀಳು ಮುಂದಕ್ಕೆ ಹೋಗದಂತೆ ತಡೆಯುತ್ತದೆ. ಎಳೆತ ಬಿಟ್ಟರೆ ಹರಳು ಕರಗಿ ರಬ್ಬರು ಮತ್ತೆ ಮೆತ್ತಗಾಗುತ್ತದೆ. ಎಲ್ಲಿ ಬೇಕೋ ಅಲ್ಲಿ, ಬೇಕಾದಷ್ಟು ಹೊತ್ತು ಮಾತ್ರ ಗಟ್ಟಿಯಾಗುವ ಈ ಗುಣ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಸ್ಟೈರೀನ್ ಬ್ಯುಟಡೈನ್‌ನಂಥ ಕೃತಕ ರಬ್ಬರಿನ ಸರಪಳಿಗಳಲ್ಲಿ ಕ್ರಮವಿಲ್ಲದ ಕಾರಣ ಅವು ಹೀಗೆ ಹರಳುಗಟ್ಟಲಾರವು. ಅಗ್ಗದ ಪಿವಿಸಿ ಆಟಿಕೆಗಂತೂ ಈ ಶಕ್ತಿ ಇಲ್ಲವೇ ಇಲ್ಲ.

ಇಷ್ಟಿದ್ದರೂ ಆಕಾರ ಸರಿಯಿಲ್ಲದಿದ್ದರೆ ಒಳ್ಳೆಯ ರಬ್ಬರೂ ಸೋಲುತ್ತದೆ. ರಿವ್ಲಿನ್ ಮತ್ತು ಥಾಮಸ್ 1953ರಲ್ಲಿ ರಬ್ಬರು ಸೀಳುವ ಲೆಕ್ಕವನ್ನು ಬರೆದಾಗಿನಿಂದ ಸ್ಪಷ್ಟವಾಗಿರುವ ಸಂಗತಿ ಎಂದರೆ, ಸೀಳು ಉದ್ದವಾದಷ್ಟೂ ಅದನ್ನು ಬೆಳೆಸಲು ಬೇಕಾದ ಎಳೆತ ಕಡಿಮೆ. ಕಿವಿ, ಬಾಲ, ಮುಳ್ಳು ಎಂದು ಹೊರಚಾಚಿದ ಆಟಿಕೆಯಲ್ಲಿ ಹಲ್ಲು ಮೊದಲ ಸೀಳನ್ನು ಸಲೀಸಾಗಿ ಮಾಡುತ್ತದೆ. ಉಬ್ಬಿದ, ನುಣುಪಾದ, ದಪ್ಪ ಗೋಡೆಯ ಆಟಿಕೆಯಲ್ಲಿ ಹಲ್ಲಿಗೆ ಹಿಡಿತ ಸಿಗುವುದು ಕಷ್ಟ. ಅಳತೆಯೂ ಅಷ್ಟೇ ಮುಖ್ಯ: ಕತ್ತರಿ ಹಲ್ಲಿನ ತನಕ ಜಾರಿ ಹೋಗುವಷ್ಟು ಸಣ್ಣದಿದ್ದರೆ ಕತೆ ಮುಗಿಯಿತು, ಗಂಟಲಿಗೆ ಸಿಕ್ಕುವ ಭಯ ಬೇರೆ. ನಾಯಿಯ ತೂಕಕ್ಕೆ ಚೀಟಿ ಸೂಚಿಸುವುದಕ್ಕಿಂತ ಒಂದು ಅಳತೆ ದೊಡ್ಡದನ್ನೇ ಆರಿಸುವುದು ಒಳ್ಳೆಯದು.

ಅಮೆರಿಕದ ಕೊಲರಾಡೋದ ಜೋ ಮಾರ್ಕಮ್ 1970ರ ದಶಕದಲ್ಲಿ ಕಂಡದ್ದೂ ರಬ್ಬರಿನ ಈ ತಾಳಿಕೆಯನ್ನೇ. ಅವರ ಜರ್ಮನ್ ಶೆಫರ್ಡ್ ಫ್ರಿಟ್ಜ್ ಕಲ್ಲು ಕಡಿದು ಹಲ್ಲು ಸವೆಸಿಕೊಳ್ಳುತ್ತಿತ್ತು. ವೋಕ್ಸ್‌ವ್ಯಾಗನ್ ಗಾಡಿ ರಿಪೇರಿ ಮಾಡುವಾಗ ಬಿಚ್ಚಿ ಎಸೆದ ಸಸ್ಪೆನ್ಷನ್ನಿನ ರಬ್ಬರ್ ತುಂಡನ್ನು ಅದು ಕಲ್ಲು ಬಿಟ್ಟು ಹಿಡಿದುಕೊಂಡಿತು. ಇಂದಿನ ಕಾಂಗ್ ಆಟಿಕೆ ಹುಟ್ಟಿದ್ದು ಅಲ್ಲಿಂದ. ಕೆಂಪು ಬಣ್ಣದ್ದು ಸಾಧಾರಣ ಕಡಿತಕ್ಕೆ, ಕಪ್ಪು ಬಣ್ಣದ್ದು ಬಲವಾದ ಕಡಿತಕ್ಕೆ. ಯಾವ ಕಂಪನಿಯದನ್ನೇ ಕೊಂಡರೂ ಎರಡು ತೂತುಗಳಿರಲಿ. ಒಂದೇ ತೂತಿದ್ದರೆ ಒಳಗಿನ ಗಾಳಿ ಹೋಗಿ ನಾಲಿಗೆ ಸಿಕ್ಕಿಕೊಳ್ಳಬಹುದು.

ಹಾಗಾದರೆ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯ ಟಯರ್ ತುಂಡು ಸಾಲದೇ? ಸದಾಶಿವಪೇಟೆಯಲ್ಲಿ ಟಯರ್ ಕಾರ್ಖಾನೆಯೇ ಇರುವ ಈ ಸೀಮೆಯಲ್ಲಿ ಈ ಪ್ರಶ್ನೆ ಸಹಜ. ಬೇಡ. ಟಯರಿನೊಳಗೆ ಉಕ್ಕಿನ ತಂತಿ, ನೈಲಾನ್ ದಾರ, ತಿನ್ನಬಾರದ ಎಣ್ಣೆಗಳಿವೆ. ಹಗ್ಗದ ಆಟಿಕೆಯ ಎಳೆ ನುಂಗಿದರೆ ಕರುಳು ಆ ದಾರದ ಮೇಲೆ ನೆರಿಗೆಗಟ್ಟುತ್ತದೆ. ಟೆನ್ನಿಸ್ ಚೆಂಡಿನ ಜೂಲಿನಲ್ಲಿ ಮರಳು ಕೂತು ಹಲ್ಲನ್ನು ಉಜ್ಜಿ ಸವೆಸುತ್ತದೆ.

ಇನ್ನು ರಾಸಾಯನಿಕಗಳ ಮಾತು. ಅಮೆರಿಕದ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಯಿ ಆಟಿಕೆಗಳನ್ನು ಕೃತಕ ಜೊಲ್ಲಿನಲ್ಲಿ ನೆನೆಸಿದಾಗ ಥ್ಯಾಲೇಟ್‌ಗಳೂ ಬಿಸ್ಫಿನಾಲ್-ಎ ಕೂಡ ಹೊರಬಂದವು. ನಮ್ಮಲ್ಲಿ 2021ರ ಜನವರಿ 1ರಿಂದ ಜಾರಿಯಲ್ಲಿರುವ ಆಟಿಕೆ ಗುಣಮಟ್ಟದ ಆದೇಶ 14 ವರ್ಷದೊಳಗಿನ ಮಕ್ಕಳ ಆಟಿಕೆಗಷ್ಟೇ ಐಎಸ್‌ಐ ಮುದ್ರೆ ಕಡ್ಡಾಯ ಮಾಡಿದೆ. ದಿನಕ್ಕೆ ಗಂಟೆಗಟ್ಟಲೆ ಬಾಯಲ್ಲೇ ಇರುವ ನಾಯಿ ಆಟಿಕೆ ಅದರ ಹೊರಗಿದೆ. ಇದು ಸರಿಯಲ್ಲ, ಬದಲಾಗಬೇಕು. ಅಲ್ಲಿಯವರೆಗೆ ಮೂಗೇ ಗತಿ. ಪೊಟ್ಟಣ ಬಿಚ್ಚಿದೊಡನೆ ಘಾಟು ಹೊಡೆಯುವ ಮೆತ್ತನೆ ಪ್ಲಾಸ್ಟಿಕ್ ಬೇಡ.

ರಬ್ಬರಿಗೂ ಶತ್ರುಗಳಿದ್ದಾರೆ. ಪಟಾನ್‌ಚೆರುವಿನ ಮೇ ತಿಂಗಳ ಬಿಸಿಲಲ್ಲಿ ತಾರಸಿಯ ಮೇಲೆ ಬಿದ್ದ ಆಟಿಕೆಯನ್ನು ಬಗ್ಗಿಸಿ ನೋಡಿದರೆ ಮೈಮೇಲೆ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ಗಾಳಿಯ ಓಜೋನ್ ಮತ್ತು ಬಿಸಿಲು ಸರಪಳಿಗಳನ್ನು ತುಂಡರಿಸಿದ ಗುರುತು ಅದು. ಫ್ರೀಜರ್ ಮಾತ್ರ ಏನೂ ಮಾಡದು. ಈ ರಬ್ಬರು ಪೆಡಸಾಗಿ ಒಡೆಯಬೇಕಾದರೆ ಮೈನಸ್ 70 ಡಿಗ್ರಿ ಹತ್ತಿರ ಹೋಗಬೇಕು, ಮನೆಯ ಫ್ರೀಜರ್ ಮೈನಸ್ 18ಕ್ಕೇ ನಿಲ್ಲುತ್ತದೆ. ಹಾಗಾಗಿ ಟೊಳ್ಳು ಆಟಿಕೆಯೊಳಗೆ ಮೊಸರನ್ನವನ್ನೋ ಬೇಯಿಸಿದ ಜೋಳದ ನುಚ್ಚನ್ನೋ ತುಂಬಿ ರಾತ್ರಿಯಿಡೀ ಹೆಪ್ಪುಗಟ್ಟಿಸಿ, ಡ್ಯೂಟಿಗೆ ಹೊರಡುವಾಗ ಕೊಡಬಹುದು. 1972ರಿಂದ ಜೋಳದ ಮೇಲೆ ಸಂಶೋಧನೆ ನಡೆಸುತ್ತಿರುವ ಇಕ್ರಿಸ್ಯಾಟ್ ಸಂಸ್ಥೆ ಇರುವ ಈ ಊರಿನಲ್ಲಿ ಜೋಳಕ್ಕೇನು ಬರ? ಈರುಳ್ಳಿ, ಒಣದ್ರಾಕ್ಷಿ ಬೇಡ. ಕಡಲೆಕಾಯಿ ಬೆಣ್ಣೆ ಹಾಕುವುದಾದರೆ ಅದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇಲ್ಲವೆಂದು ಡಬ್ಬಿ ಓದಿ ಖಾತ್ರಿ ಮಾಡಿಕೊಳ್ಳಿ, ನಾಯಿಗೆ ಅದು ವಿಷ. ಒಳಗಿನ ರುಚಿಯನ್ನು ನೆಕ್ಕಿ ತೆಗೆಯುವ ಕೆಲಸದಲ್ಲಿ ತೊಡಗಿದ ನಾಯಿ ಗೋಡೆಯನ್ನು ಹರಿಯಲು ಹೋಗುವುದು ಕಡಿಮೆ. ಹೊಸ ಆಟಿಕೆಯನ್ನು ಮಾತ್ರ ಮೊದಲು ನೀವು ಎದುರಿಗಿರುವಾಗಲೇ ಕೊಟ್ಟು ನೋಡಿ.

ವಾರಕ್ಕೊಮ್ಮೆ ತೊಳೆಯುವಾಗ ತೂತಿನ ಅಂಚಿಗೆ ಬೆರಳಾಡಿಸಿ. ಚೂರು ಎದ್ದಿದ್ದರೆ, ಉಗುರು ಇಳಿಯುವಷ್ಟು ಸೀಳಿದ್ದರೆ ಅದರ ಆಯುಸ್ಸು ತೀರಿದೆ. ಚೂರು ಕಾಣೆಯಾಗಿದ್ದು, ನಾಯಿ ಮತ್ತೆ ಮತ್ತೆ ವಾಂತಿ ಮಾಡುತ್ತಿದ್ದರೆ, ಊಟ ಬಿಟ್ಟಿದ್ದರೆ, ಮಲ ಹೋಗದೆ ತಿಣುಕುತ್ತಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಉಳಿದ ತುಂಡನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಎಷ್ಟು ದೊಡ್ಡ ಚೂರು, ಎಂಥ ವಸ್ತು ಎಂಬುದು ವೈದ್ಯರಿಗೆ ಅದನ್ನು ನೋಡಿದರೆ ಗೊತ್ತಾಗುತ್ತದೆ.