ಐವತ್ತು ಓವರು, ಒಂದು ಕುಪ್ಪಿ ಕಳ್ಳು

"ಕೊಚ್ಚಿಯಲ್ಲಿ ಒಳ್ಳೆಯ ಕ್ರಾಫ್ಟ್ ಬಿಯರ್ ಎಲ್ಲಿ ಸಿಗ್ತದೆ ಭಾವ?" ಅಂತ ಕೇಳಿದ್ದೇ ತಪ್ಪಾಯಿತು. ಏಲೂರಿನ ಮನೆಯ ಜಗಲಿಯಲ್ಲಿ ಪೇಪರು ಓದುತ್ತಿದ್ದ ಭಾವ ಕನ್ನಡಕದ ಮೇಲಿಂದ ನೋಡಿದರು. "ನಿಮ್ಮ ಬೆಂಗಳೂರಿನಲ್ಲಿ ಟ್ಯಾಂಕಿಯೊಳಗೆ ಮಾಡ್ತಾರೆ. ಇಲ್ಲಿ ಮರದ ಮೇಲೇ ಆಗ್ತದೆ. ಅಂಗಿ ಹಾಕು ಮಾರಾಯ, ಮ್ಯಾಚೂ ಉಂಟು."

ಭಾವ ಕಾಸರಗೋಡಿನವರು. ಪೆರಿಯಾರ್ ನದಿ ಕವಲೊಡೆದು ಸುತ್ತುವರಿದ ಈ ನಡುಗಡ್ಡೆಗೆ, 1943ರಲ್ಲಿ ಹುಟ್ಟಿದ ಫ್ಯಾಕ್ಟ್ ಗೊಬ್ಬರ ಕಂಪನಿಯ ಕೆಲಸಕ್ಕೆಂದು ಬಂದವರು ನಿವೃತ್ತಿಯಾದ ಮೇಲೂ ಊರಿಗೆ ಮರಳಲಿಲ್ಲ. ಮಲಯಾಳ ನೀರು ಕುಡಿದಷ್ಟು ಸಲೀಸು. ಸಿಟ್ಟು ಬಂದಾಗ ಮಾತ್ರ ಕನ್ನಡ.

ಕಳಮಶ್ಶೇರಿಯಲ್ಲಿ ಮೆಟ್ರೋ ಹತ್ತಿದೆವು. 2024ರ ಮಾರ್ಚ್‌ನಿಂದ ಅದು ತ್ರಿಪ್ಪುಣಿತ್ತುರದವರೆಗೂ ಹೋಗುತ್ತದೆ. ಇಳಿದರೆ ಕೊಚ್ಚಿ ಅರಸರ ಹಳೆಯ ಪಟ್ಟಣ: ಪೂರ್ಣತ್ರಯೀಶನ ದೇವಸ್ಥಾನ, ಹಂಚಿನ ಮಾಡಿನ ಬಂಗಲೆಗಳು, ಅವುಗಳ ನಡುವೆ ಪ್ಯಾಲೇಸ್ ಓವಲ್. ಹೆಸರು ಕೇಳಿ ದೊಡ್ಡದೇನನ್ನೋ ನಿರೀಕ್ಷಿಸಿದ್ದೆ. ಕಂಡದ್ದು ಬೇಲಿಯಾಚೆ ಬಟ್ಟೆ ಒಣಗುವ ಒಂದು ಮೈದಾನ. ಸಿಕ್ಸರ್ ಹೊಡೆದರೆ ಚೆಂಡು ಯಾರ ಅಂಗಳಕ್ಕೆ ಬೀಳುತ್ತದೆಂದು ಫೀಲ್ಡರುಗಳಿಗೆ ಬಾಯಿಪಾಠ.

ಆದರೆ ಇಲ್ಲಿನವರು ಮಣ್ಣು ಮುಟ್ಟಿ ಹೇಳುವ ಮಾತೊಂದಿದೆ: ಐವತ್ತು ಓವರಿನ ಕ್ರಿಕೆಟ್ ಹುಟ್ಟಿದ್ದು ಇಲ್ಲೇ. ಕೆ.ವಿ. ಕೇಳಪ್ಪನ್ ತಂಬುರಾನ್ ಎಂಬ ಅರಸುಮನೆತನದವರು 1951ರಲ್ಲಿ ಪೂಜಾ ನಾಕೌಟ್ ಟೂರ್ನಿ ಶುರುಮಾಡಿದರು. ನಾಕೌಟ್ ಎಂದ ಮೇಲೆ ಸಂಜೆಯೊಳಗೆ ಯಾರಾದರೂ ಸೋಲಲೇಬೇಕಲ್ಲ. ಓವರಿಗೆ ಲೆಕ್ಕ ಕಟ್ಟಿದರು. ಇಂಗ್ಲೆಂಡಿನವರು ಜಿಲೆಟ್ ಕಪ್ ಆಡಿಸಿದ್ದು 1963ರಲ್ಲಿ, ಅದೂ 65 ಓವರು. ಭಾವನಿಗೆ ಇದನ್ನು ಹೇಳುವಾಗ ತಾನೇ ಟಾಸ್ ಹಾಕಿದಷ್ಟು ಹೆಮ್ಮೆ.

ಅಂದು ಎರಡು ಕ್ಲಬ್ಬುಗಳ ಪಂದ್ಯ. ಮರದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ, ನಲವತ್ತು ಜನ ಪ್ರೇಕ್ಷಕರು, ಅವರಲ್ಲಿ ಅರ್ಧ ಮುಂಡು ಉಟ್ಟ ಹಿರಿಯರು. ಚಪ್ಪಾಳೆ ಅಪರೂಪ. ಒಳ್ಳೆಯ ಕವರ್ ಡ್ರೈವಿಗೆ "ಹೂಂ" ಎಂಬ ಗಂಟಲ ಸದ್ದು, ಅಷ್ಟೇ. ನಿರ್ದಾಕ್ಷಿಣ್ಯ ಜನ! ಸ್ಕೋರ್ ಬೋರ್ಡು ಎಂದರೆ ಮೊಳೆ ಹೊಡೆದ ಕಪ್ಪು ಹಲಗೆ. ಹತ್ತು ಹನ್ನೆರಡರ ಹುಡುಗನೊಬ್ಬ ಅಂಕಿ ಬರೆದ ತಗಡು ತೂಗುಹಾಕುತ್ತಿದ್ದ. ಎಂಟರ ತಗಡು ಒಂದೇ ಇತ್ತೇನೋ, 88 ಆದಾಗ ಮೂರರ ತಗಡಿಗೆ ಸುಣ್ಣದಕಡ್ಡಿಯಲ್ಲಿ ಎರಡು ಗೆರೆ ಎಳೆದು ಎಂಟು ಮಾಡಿದ.

ಹಿರಿಯರ ಬಾಯಲ್ಲಿ ಇನ್ನೂ 2025ರ ರಣಜಿ ಸೆಮಿಫೈನಲ್ಲೇ. ಅಹಮದಾಬಾದಿನಲ್ಲಿ ಕೇರಳ 457. ಗುಜರಾತ್ ಬೆನ್ನಟ್ಟಿ 455ಕ್ಕೆ ಬಂದಿತ್ತು, ಕೊನೆಯ ವಿಕೆಟ್. ನಾಗವಾಸವಾಲಾ ಬೀಸಿದ ಚೆಂಡು ಶಾರ್ಟ್ ಲೆಗ್ಗಿನಲ್ಲಿದ್ದ ಸಲ್ಮಾನ್ ನಿಸಾರನ ಹೆಲ್ಮೆಟ್ಟಿಗೆ ಬಡಿದು, ಮೇಲಕ್ಕೆ ಪುಟಿದು, ಸ್ಲಿಪ್ಪಿನಲ್ಲಿದ್ದ ಸಚಿನ್ ಬೇಬಿಯ ಕೈಗೆ ಬಿತ್ತು. ಎರಡು ರನ್ನಿನ ಮುನ್ನಡೆಯಲ್ಲಿ ಕೇರಳ ಮೊದಲ ಬಾರಿ ಫೈನಲ್ಲಿಗೆ. ಮುಂಡಿನ ಹಿರಿಯರೊಬ್ಬರು ತಲೆ ಬಗ್ಗಿಸಿ, ಬೋಳುತಲೆಗೆ ತಾವೇ ಹೊಡೆದುಕೊಂಡು ತೋರಿಸಿದರು. ಭಾವ ಬಿಟ್ಟಾರೆಯೇ? "457ರಲ್ಲಿ 177 ಯಾರದ್ದು? ನಮ್ಮ ತಳಂಗರೆಯ ಅಜರುದ್ದೀನನದ್ದು!" ಅಲ್ಲಿ ಮಾತ್ರ ಅವರ ಕಾಸರಗೋಡು ಎದ್ದು ಕೂರುತ್ತದೆ.

ಊಟದ ಹೊತ್ತಿಗೆ ಆಟೋ ಹಿಡಿದು ಉದಯಂಪೇರೂರಿನ ಮುಲ್ಲಪ್ಪಂದಲ್ ಕಳ್ಳು ಷಾಪಿಗೆ ಹೋದೆವು. ಹೆಸರಿನ ಅರ್ಥ ಮಲ್ಲಿಗೆ ಚಪ್ಪರ. ಮೀನಿನ ತಲೆಯ ಕರಿಗೆ ಹೆಸರುವಾಸಿ.

ಕುಪ್ಪಿ ಬಂತು. ಅಕ್ಕಿ ತೊಳೆದ ನೀರಿನ ಬಣ್ಣ. ಗ್ಲಾಸಿಗೆ ಬಗ್ಗಿಸಿದರೆ ತೆಳು ನೊರೆ, ಅದರಡಿ ಸೂಜಿಮೊನೆಯಷ್ಟು ಗುಳ್ಳೆಗಳ ಸಾಲು ಏಳುತ್ತಲೇ ಇದೆ. ಅಂಚಿನಲ್ಲಿ ತೇಲುತ್ತಿದ್ದ ಇರುವೆಯನ್ನು ಭಾವ ಉಗುರಿನಿಂದ ಎತ್ತಿ ಬಿಸಾಡಿ, "ಅಸಲಿ" ಎಂದರು. ಮೊದಲ ಗುಟುಕಿಗೆ ಎಳನೀರಿನ ಸಿಹಿ, ಹಿಂದೆಯೇ ದೋಸೆ ಹಿಟ್ಟಿನ ಹುಳಿ, ಕೊನೆಗೆ ಮೂಗಿಗೆ ಏರುವ ಒಂದು ಖಾರ. ಬೆಂಗಳೂರಿನ ಗೋಧಿ ಬಿಯರು ಇದರ ಹತ್ತಿರದ ನಂಟ ಅನಿಸಿತು. ಹೇಳಲಿಲ್ಲ.

ಊರಲ್ಲಿ ನಾವು ಮೂರ್ತೆದಾರರು ಅನ್ನುವವರನ್ನು ಇಲ್ಲಿ ಚೆತ್ತುಕಾರ ಅನ್ನುತ್ತಾರೆ. ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ದಿನವೂ ಹದವಾಗಿ ಬಡಿದು, ತುದಿಯನ್ನು ತೆಳುವಾಗಿ ಕೆತ್ತಬೇಕು. ಇಳಿದ ರಸಕ್ಕೆ ಹೊರಗಿನಿಂದ ಏನೂ ಹಾಕಬೇಕಿಲ್ಲ, ಗಾಳಿಯ ಮತ್ತು ಮಡಕೆಯ ಯೀಸ್ಟೇ ಸಾಕು. ಬೆಳಗಿನದು ಮಗು, ಮಧ್ಯಾಹ್ನದ್ದು ಹುಡುಗ, ಸಂಜೆಗೆ ಜಗಳಗಂಟ, ಮರುದಿನ ವಿನಿಗರ್. ಬಾಟಲಿಯಲ್ಲಿ ಮುಚ್ಚಿ ದೂರದೂರಿಗೆ ಕಳಿಸುವ ಮಾಲಲ್ಲ. ಹನಿಯೂ ಕುಡಿಯದ ರಾಜರತ್ನಂ ಅಷ್ಟೊಂದು ಹೆಂಡದ ಪದ ಬರೆದರಲ್ಲ, ಕುಡಿದು ಒಂದು ಸಾಲೂ ಹೊಳೆಯದ ನನ್ನನ್ನು ನೋಡಿ ಏನನ್ನುತ್ತಿದ್ದರೋ.

ಮರಗೆಣಸು ಬಂತು, ಸಾಸಿವೆ ಒಗ್ಗರಣೆಯ ಹಳದಿ ಮುದ್ದೆ. ಮೀನಿನ ತಲೆ ಬಂತು, ಕೆಂಪಗೆ, ಉಪ್ಪಾಗೆಯ ಹುಳಿಯಲ್ಲಿ ಮುಳುಗಿ. ನಮ್ಮ ಕಡೆಯ ಉಪ್ಪಾಗೆಯನ್ನೇ ಇವರು ಕೊಡಂಪುಳಿ ಅನ್ನುವುದು. ಕೆನ್ನೆಯ ಮಾಂಸ ಎಲ್ಲಿರುತ್ತದೆಂದು ಭಾವ ಬೆರಳಿಟ್ಟು ತೋರಿಸಿದರು. ಆಮೇಲೆ ಅದನ್ನು ತಾವೇ ತಿಂದರು. ಇನ್ನೊಂದು ಕುಪ್ಪಿ. ಗಂಟೆ ನೋಡುವ ಯೋಚನೆ ಇಬ್ಬರಿಗೂ ಬರಲಿಲ್ಲ.

ಮೈದಾನಕ್ಕೆ ಮರಳಿದಾಗ ಸ್ಟಂಪು ಕಿತ್ತಾಗಿತ್ತು. ಪಿಚ್ಚಿನ ಮೇಲೆ ಕಾಗೆಗಳು. ಹಿರಿಯರ ಕುರ್ಚಿಗಳು ಒಂದರೊಳಗೊಂದು ಸೇರಿ ಗೋಡೆಗೊರಗಿದ್ದವು. ತಗಡಿನ ಹುಡುಗ ಮಾತ್ರ ಅಂಕಿಗಳನ್ನು ಒಂದೊಂದಾಗಿ ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದ. ವಿಕೆಟ್ಟಿನ ಜಾಗದಲ್ಲಿ ಒಂಬತ್ತು ಉಳಿದಿತ್ತು.

"ಒಂಬತ್ತಕ್ಕೆ ಗೆದ್ದಿರಬೇಕು" ಎಂದೆ.

"ಓವರು ಮುಗಿದು ಸೋತದ್ದು" ಎಂದರು ಭಾವ, ಕನ್ನಡದಲ್ಲಿ.

ಹುಡುಗನನ್ನು ಕೇಳೋಣವೆಂದರೆ ಅವನು ಒಂಬತ್ತನ್ನೂ ಚೀಲಕ್ಕೆ ಹಾಕಿ ಸೈಕಲ್ ಹತ್ತಿಯಾಗಿತ್ತು.