ತೊಳೆದ ಕಾರಿನಲ್ಲೂ ಕೊಳೆ ಇರುತ್ತದೆ

ನಮ್ಮ ಮನೆಯಲ್ಲಿ ಒಂದು ಬಿಳಿ ಆಲ್ಟೊ ಕಾರು ಇತ್ತು. ‘ಇತ್ತು’ ಎಂದು ಬರೆಯುವಾಗ ಸ್ವಲ್ಪ ಬೇಸರವಾಗುತ್ತದೆ. ನಮ್ಮ ಅಬ್ಬಾ ಬಟ್ಟೆ ವ್ಯಾಪಾರದವರು. ಒಂದು ದಿನ ಬೆಳ್ತಂಗಡಿಯಿಂದ ವೇಣೂರು ದಾರಿಯಾಗಿ ಮೂಡುಬಿದಿರೆಗೆ, ಇನ್ನೊಂದು ದಿನ ಪುಂಜಾಲಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ, ಹಿಂದಿನ ಸೀಟಿನ ತುಂಬ ಬಟ್ಟೆಯ ಗಂಟು ಇಟ್ಟುಕೊಂಡು ಹನ್ನೊಂದು ವರ್ಷ ಓಡಿಸಿದ ಕಾರು ಅದು. ಈ ವರ್ಷ ಆಪಾಳ ನರ್ಸಿಂಗ್ ಫೀಸು ಮತ್ತು ನನ್ನ ಫೀಸು ಒಟ್ಟಿಗೆ ಬಂತು. ಕಾರು ಮಾರಿ, ಸದ್ಯಕ್ಕೆ ಒಂದು ಹಳೆಯ ಸ್ಕೂಟರಿನಲ್ಲಿ ಸುಧಾರಿಸಿಕೊಳ್ಳುವುದೆಂದು ಅಬ್ಬಾ ತೀರ್ಮಾನಿಸಿದರು.

ನೋಡಲು ಬಂದ ಮೊದಲ ಬ್ರೋಕರ್ ಎಂಜಿನ್ ಸ್ಟಾರ್ಟ್ ಮಾಡಿ ಕೇಳಿದರು, ಟಯರ್ ನೋಡಿದರು. ಕೊನೆಗೆ ಬಾನೆಟ್ ಮೇಲೆ ಅಂಗೈ ಸವರಿ, “ಪೇಂಟ್ ಹೋಗಿದೆ. ಪೇಂಟ್ ಮಾಡಿಸಲು ಹದಿನೈದು ಸಾವಿರ ಬೇಕು, ಅಷ್ಟು ಕಡಿಮೆ ಮಾಡಿ” ಎಂದರು. ನಾನೂ ಸವರಿ ನೋಡಿದೆ. ಆ ದಿನ ಬೆಳಿಗ್ಗೆಯಷ್ಟೇ ತೊಳೆದಿದ್ದ ಕಾರು, ಆದರೂ ಕೈಗೆ ಮರಳು ಕಾಗದದಂತೆ ಒರಟಾಗಿತ್ತು. ಬಿಳಿ ಬಣ್ಣದ ಮೇಲೆ ಸಾಸಿವೆಗಿಂತ ಸಣ್ಣ ಕಿತ್ತಳೆ ಚುಕ್ಕಿಗಳೂ ಇದ್ದವು.

ಮೂಡುಬಿದಿರೆಯಲ್ಲಿ ನನ್ನ ಮಾಮು ಕಾರು ತೊಳೆಯುವ ಸಣ್ಣ ಅಂಗಡಿ ಇಟ್ಟಿದ್ದಾರೆ. ಫೋನಿನಲ್ಲಿ ಎಲ್ಲ ಹೇಳಿದೆ. ಅವರು ನಕ್ಕು, “ಪೇಂಟ್ ಹೋಗಿಲ್ಲ ಬೇಟಾ, ಪೇಂಟಿನ ಮೇಲೆ ಮೂರು ತಾಲೂಕು ಕೂತಿದೆ. ದಸರಾ ರಜೆಯಲ್ಲಿ ಕಾರು ಇಲ್ಲಿಗೆ ಬರಲಿ, ನೀನೂ ಬಾ. ಕ್ಲೇ ಮಾಡುವ” ಎಂದರು. ಕ್ಲೇ ಬಾರ್ ಎಂಬ ಹೆಸರನ್ನು ನಾನು ಕೇಳಿದ್ದು ಆಗಲೇ. ಅಲ್ಲಿ ಎರಡು ದಿನದಲ್ಲಿ ಕಲಿತದ್ದನ್ನು, ಮಾಡಿದ ತಪ್ಪನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಪೇಂಟಿನ ಮೇಲೆ ಕೂತಿರುವುದು ಏನು?

ನೀರು ಮತ್ತು ಶಾಂಪೂ ಮೇಲಿನ ಧೂಳನ್ನು ಮಾತ್ರ ತೆಗೆಯುತ್ತವೆ. ಕೆಲವು ವಸ್ತುಗಳು ಪೇಂಟಿಗೆ ಕಚ್ಚಿಕೊಳ್ಳುತ್ತವೆ. ಅದರಲ್ಲಿ ಮುಖ್ಯವಾದದ್ದು ಕಬ್ಬಿಣದ ಪುಡಿ. ಬ್ರೇಕ್ ಹಾಕಿದಾಗ ಪ್ಯಾಡ್ ಮತ್ತು ಡಿಸ್ಕ್ ಉಜ್ಜಿ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳು ಬಿಸಿಯಾಗಿ ಹಾರುತ್ತವೆ. ರೈಲಿನ ಚಕ್ರ ಮತ್ತು ಹಳಿಯ ಉಜ್ಜಾಟದಿಂದಲೂ ಹೀಗೇ ಪುಡಿ ಹಾರುತ್ತದೆ. ಅಬ್ಬಾ ಬಂಟ್ವಾಳಕ್ಕೆ ಹೋದಾಗಲೆಲ್ಲ ಕಾರು ನಿಲ್ಲಿಸುತ್ತಿದ್ದದ್ದು ಬಿ.ಸಿ. ರೋಡಿನ ರೈಲು ನಿಲ್ದಾಣದ ಹತ್ತಿರ. ಈ ಕಣಗಳು ಪೇಂಟಿಗೆ ಚುಚ್ಚಿ ಕೂತು, ನಮ್ಮ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ. ನಾನು ನೋಡಿದ ಕಿತ್ತಳೆ ಚುಕ್ಕಿಗಳು ಅವೇ. ಕಪ್ಪು ಕಾರಿನಲ್ಲೂ ಇರುತ್ತವೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಎರಡನೆಯದು ಡಾಮರು. ರಸ್ತೆ ಅಗಲ ಮಾಡುವ ಕೆಲಸ ನಮ್ಮ ಕಡೆ ವರ್ಷಗಟ್ಟಲೆ ನಡೆಯುತ್ತಲೇ ಇರುವುದು ನಿಮಗೆಲ್ಲ ಗೊತ್ತು. ಹೊಸ ಡಾಮರಿನ ಮೇಲೆ ಹೋದರೆ ಬಾಗಿಲಿನ ಕೆಳಭಾಗಕ್ಕೆ ಕಪ್ಪು ಹನಿಗಳು ಸಿಡಿಯುತ್ತವೆ. ಮೂರನೆಯದು ಮರದ ಅಂಟು. ನಮ್ಮ ಮನೆಯಲ್ಲಿ ಕಾರು ನಿಲ್ಲುತ್ತಿದ್ದದ್ದು ಗೇರು ಮರದ ಅಡಿಯಲ್ಲಿ. ನೆರಳಿಗೆಂದು ನಿಲ್ಲಿಸಿದ್ದು, ಅಂಟು ಉಚಿತವಾಗಿ ಸಿಕ್ಕಿತು.

ಇವು ಇವೆಯೋ ಇಲ್ಲವೋ ತಿಳಿಯಲು ಒಂದು ಸುಲಭ ಪರೀಕ್ಷೆ ಉಂಟು. ಕಾರನ್ನು ಚೆನ್ನಾಗಿ ತೊಳೆದು, ಕೈಯನ್ನು ತೆಳ್ಳಗಿನ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಪೇಂಟಿನ ಮೇಲೆ ಹಗುರವಾಗಿ ಸವರಿ. ಬರಿಗೈಗೆ ತಿಳಿಯದ ಸಣ್ಣ ಗುಳ್ಳೆಗಳೂ ಆಗ ಬೆರಳಿಗೆ ತಾಗುತ್ತವೆ. ನಮ್ಮ ಕಾರಿನ ಬಾನೆಟ್ ಅಕ್ಕಿ ನುಚ್ಚು ಅಂಟಿಸಿದ ಹಾಗಿತ್ತು.

ಇದು ಯಾವ ಮಣ್ಣು?

ಕ್ಲೇ ಎಂದರೆ ಜೇಡಿಮಣ್ಣು. ನಮ್ಮ ಜಿಲ್ಲೆಯವರಿಗೆ ಜೇಡಿಮಣ್ಣು ಎಂದ ಕೂಡಲೇ ನೆನಪಾಗುವುದು ಹಂಚು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ ದಡದ ಮಣ್ಣು ದೇಶ ವಿದೇಶದ ಮನೆಗಳ ಮಾಡು ಹತ್ತಿತು. ಆದರೆ ಕ್ಲೇ ಬಾರ್‌ನಲ್ಲಿ ಆ ಮಣ್ಣು ಇಲ್ಲ. ಇದು ರಬ್ಬರಿನಂತೆ ಎಳೆಯಲು ಬರುವ ಕೃತಕ ಅಂಟುವಸ್ತುವಿನಲ್ಲಿ ಬಹಳ ನುಣುಪಾದ ಉಜ್ಜುಪುಡಿ ಬೆರೆಸಿ ಮಾಡಿದ ಮುದ್ದೆ. ಚಿಕ್ಕ ಮಕ್ಕಳು ಆಡುವ ಬಣ್ಣದ ಕ್ಲೇ ಹಾಗೆ ಕಾಣುತ್ತದೆ. ಜಪಾನಿನ ತಡಾವೊ ಕೊಡಾಟೆ ಎಂಬವರು ರೂಪಿಸಿದ ಇಂಥ ಮುದ್ದೆಗೆ 1990ರ ದಶಕದಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಈಗ ನಮ್ಮಲ್ಲೂ ಆನ್‌ಲೈನಿನಲ್ಲಿ ಸಿಗುತ್ತದೆ.

ಅದು ಕೆಲಸ ಮಾಡುವ ಕ್ರಮ ಹೀಗೆ. ಒದ್ದೆಯಾದ ನುಣುಪು ಪೇಂಟಿನ ಮೇಲೆ ಮುದ್ದೆ ಜಾರುತ್ತದೆ. ಪೇಂಟಿನಿಂದ ಮೇಲೆದ್ದು ನಿಂತಿರುವ ಕಣ ಅಡ್ಡ ಸಿಕ್ಕಿದಾಗ ಅದನ್ನು ಹಿಡಿದು ಕಿತ್ತು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಜಾರುವುದಕ್ಕೆ ನೀರು, ಶಾಂಪೂ ಅಥವಾ ಅದಕ್ಕೆಂದೇ ಸಿಗುವ ಸ್ಪ್ರೇ ಬೇಕೇ ಬೇಕು. ಮಾಮು ಇದನ್ನು ವಿವರಿಸಿದ್ದು ಹಲಸಿನ ಹಣ್ಣಿನಿಂದ. “ನಿನ್ನ ನಾನಿ ಹಲಸು ಕೊಯ್ಯುವ ಮೊದಲು ಕೈಗೆ ಎಣ್ಣೆ ಯಾಕೆ ಹಚ್ಚುತ್ತಾರೆ? ಎಣ್ಣೆ ಇಲ್ಲದಿದ್ದರೆ ಮೇಣ ಕೈಯನ್ನು ಹಿಡಿಯುತ್ತದೆ. ಇಲ್ಲಿಯೂ ಹಾಗೇ. ಒದ್ದೆ ಇಲ್ಲದಿದ್ದರೆ ಕ್ಲೇ ಪೇಂಟನ್ನು ಹಿಡಿಯುತ್ತದೆ.”

ಜಾಗ್ರತೆ ಯಾಕೆಂದರೆ ಪೇಂಟ್ ಬಹಳ ತೆಳ್ಳಗೆ. ಈಗಿನ ಹೆಚ್ಚಿನ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಈ ಕ್ಲಿಯರ್ ಕೋಟ್ ಸುಮಾರು 40ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಕೂದಲು ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಹೊಳಪು, ಬಿಸಿಲಿನಿಂದ ರಕ್ಷಣೆ ಎಲ್ಲವೂ ಆ ಒಂದು ಪದರದ ಮೇಲೆ ನಿಂತಿದೆ.

ಮಾಡುವ ಕ್ರಮ

ಬೆಳಿಗ್ಗೆ ಏಳು ಗಂಟೆಗೆ ಶೀಟಿನ ಮಾಡಿನ ಅಡಿಯಲ್ಲಿ ಶುರು ಮಾಡಿದೆವು. ಬಿಸಿಲಿನಲ್ಲಿ ಅಥವಾ ಬಿಸಿಯಾದ ಬಾನೆಟ್ ಮೇಲೆ ಮಾಡಬಾರದು. ನೀರು ಆರಿ ಕ್ಲೇ ಅಂಟುತ್ತದೆ.

ಮೊದಲು ತೊಳೆಯುವುದು. ಎರಡು ಬಕೆಟ್ ಬೇಕು. ಒಂದರಲ್ಲಿ ಕಾರಿನ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮಾಡಿನಿಂದ ಕೆಳಕ್ಕೆ ಬರಬೇಕು, ಏಕೆಂದರೆ ಕೆಳಗೆ ಕೆಸರು ಜಾಸ್ತಿ. ಧೂಳು ಉಳಿದರೆ ಕ್ಲೇ ಅದನ್ನೇ ಎಳೆದಾಡಿ ಗೀರುತ್ತದೆ. ಡಾಮರಿನ ದೊಡ್ಡ ಹನಿಗಳನ್ನು ಅದಕ್ಕೆಂದೇ ಸಿಗುವ ದ್ರಾವಣ ಹಚ್ಚಿ ಮೊದಲೇ ತೆಗೆದೆವು.

ನಂತರ ಮುದ್ದೆಯನ್ನು ನಾಲ್ಕು ತುಂಡು ಮಾಡಿದೆವು. ಒಂದು ತುಂಡನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ, ರೊಟ್ಟಿ ಹಿಟ್ಟಿನ ಹಾಗೆ ನಾದಿ, ಮೂರು ಬೆರಳಿನ ಅಗಲಕ್ಕೆ ತಟ್ಟಿಕೊಂಡೆ. ಒಮ್ಮೆಗೆ ಎರಡು ಅಡಿ ಉದ್ದ, ಎರಡು ಅಡಿ ಅಗಲದ ಜಾಗ ಸಾಕು. ಅಲ್ಲಿ ಶಾಂಪೂ ನೀರನ್ನು ಧಾರಾಳವಾಗಿ ಸ್ಪ್ರೇ ಮಾಡಿ, ಕ್ಲೇಯನ್ನು ನೇರ ಗೆರೆಯಲ್ಲಿ ಹಿಂದೆ ಮುಂದೆ ಜಾರಿಸಬೇಕು. ಗುಂಡಗೆ ತಿರುಗಿಸಬಾರದು. ಒತ್ತಲೂಬಾರದು, ಕ್ಲೇ ಕೈಯಿಂದ ಬೀಳದಷ್ಟು ಹಿಡಿತ ಇದ್ದರೆ ಸಾಕು.

ಮೊದಲು ಜರ್ ಜರ್ ಎಂಬ ಸದ್ದು ಬರುತ್ತದೆ. ಕೈಗೆ ತಡೆದ ಹಾಗಾಗುತ್ತದೆ. ಏಳೆಂಟು ಸಲ ಆಡಿಸಿದ ಮೇಲೆ ಸದ್ದು ನಿಂತು ಕ್ಲೇ ತಾನಾಗಿ ಜಾರುತ್ತದೆ. ಆಗ ಆ ಜಾಗ ಮುಗಿಯಿತು ಎಂದು ಅರ್ಥ. ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ಮುಂದಕ್ಕೆ ಹೋಗುವುದು. ಮೊದಲ ಚೌಕ ಮುಗಿಸಿ ಕ್ಲೇ ತಿರುಗಿಸಿ ನೋಡಿದಾಗ ನನಗೆ ಆಶ್ಚರ್ಯವಾಯಿತು. ನೀಲಿ ಮುದ್ದೆ ಕಂದು ಬಣ್ಣಕ್ಕೆ ತಿರುಗಿತ್ತು. ಕೊಳೆಯಾದ ಮುಖವನ್ನು ಒಳಕ್ಕೆ ಮಡಚಿ, ನಾದಿ, ಹೊಸ ಮುಖ ಮಾಡಿಕೊಳ್ಳಬೇಕು. ಬಾನೆಟ್ಟಿನ ಅರ್ಧ ಮಾತ್ರ ಮಾಡಿ ಎರಡೂ ಕಡೆ ಕೈಯಿಟ್ಟು ನೋಡಿದೆ. ಒಂದು ಕಡೆ ನುಚ್ಚು, ಇನ್ನೊಂದು ಕಡೆ ಗಾಜು.

ನನ್ನ ತಪ್ಪು

ಎರಡನೆಯ ದಿನ ಸಂಜೆ ಉಳಿದದ್ದು ಎಡಬದಿಯ ಹಿಂದಿನ ಬಾಗಿಲು ಮಾತ್ರ. ಮಾಮು ಅಸರ್ ನಮಾಝಿಗೆ ಹೋಗಿದ್ದರು. ನನ್ನ ಕೈಯಿಂದ ಕ್ಲೇ ಜಾರಿ ಅಂಗಳಕ್ಕೆ ಬಿತ್ತು. ‘ಬಿದ್ದ ಕ್ಲೇ ಬಿಸಾಡಬೇಕು’ ಎಂದು ಮಾಮು ಮೊದಲ ದಿನವೇ ಹೇಳಿದ್ದರು. ಆದರೆ ಅದು ಕೊನೆಯ ತುಂಡು. ನೀರಿನಲ್ಲಿ ತೊಳೆದೆ, ತಿರುಗಿಸಿ ನೋಡಿದೆ, ಏನೂ ಕಾಣಲಿಲ್ಲ. ಮತ್ತೆ ಬಾಗಿಲಿಗೆ ಇಟ್ಟೆ.

ಒರೆಸಿ ನೋಡುವಾಗ ಬಾಗಿಲಿನ ಮೇಲೆ ಅಂಗೈ ಉದ್ದದ ನಾಲ್ಕು ಗೀರುಗಳಿದ್ದವು. ಹನ್ನೊಂದು ವರ್ಷದಲ್ಲಿ ಅಬ್ಬಾ ಮಾಡದ ಗೀರನ್ನು ನಾನು ಒಂದು ನಿಮಿಷದಲ್ಲಿ ಮಾಡಿದ್ದೆ. ಮಾಮು ಬಂದು ನೋಡಿದರು, ಬಯ್ಯಲಿಲ್ಲ. ಕ್ಲೇಯನ್ನು ಬ್ಲೇಡಿನಿಂದ ಸೀಳಿ, ಒಳಗೆ ಹೂತಿದ್ದ ಮುರಕಲ್ಲಿನ ಎರಡು ಕಣಗಳನ್ನು ತೋರಿಸಿದರು. “ಹಿಡಿಯುವುದೇ ಇದರ ಕೆಲಸ. ನೀರಿಗೆ ಹೇಗೆ ಬಿಟ್ಟುಕೊಡುತ್ತದೆ?” ಎಂದಷ್ಟೇ ಕೇಳಿದರು.

ಅಂಗಡಿಯ ಕೆಲಸದ ಹುಡುಗ ಒಂದು ಡಬ್ಬಿ ತಂದ. ಗೀರಿನೊಳಗೆ ತುಂಬಿ ಅದನ್ನು ಮರೆಮಾಡುವ ಪಾಲಿಷ್ ಅದು. ಹಚ್ಚಿದರೆ ಗೀರು ಕಾಣುವುದಿಲ್ಲ, ಕೆಲವು ಸಲ ತೊಳೆದ ಮೇಲೆ ಮತ್ತೆ ಕಾಣುತ್ತದೆ. ಅಷ್ಟರಲ್ಲಿ ಕಾರು ಮಾರಿ ಆಗಿರುತ್ತದೆ. ನಿಜ ಹೇಳುತ್ತೇನೆ, ನನಗೆ ಆ ಡಬ್ಬಿಯ ಮೇಲೆ ಆಸೆಯಾಯಿತು. ಮಾಮು, “ಕಾರು ನಿಮ್ಮದು. ಅಬ್ಬಾರನ್ನು ಕೇಳು” ಎಂದರು.

ಫೋನಿನಲ್ಲಿ ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹರಿದ ಕಡೆಯನ್ನು ಮಡಿಕೆಯ ಒಳಗೆ ಇಟ್ಟು ನಾನು ಸೀರೆ ಮಾರಿದ್ದನ್ನು ನೀನು ಯಾವತ್ತಾದರೂ ನೋಡಿದ್ದೀಯಾ?” ಎಂದು ಕೇಳಿದರು. ನೋಡಿಲ್ಲ ಎಂದೆ. “ಹಾಗಾದರೆ ಡಬ್ಬಿ ಮುಚ್ಚಿಡು” ಎಂದರು. ಒದ್ದೆ ಧಾನ್ಯವನ್ನು ರಾಶಿಯ ಅಡಿಯಲ್ಲಿಟ್ಟ ವ್ಯಾಪಾರಿಯ ಹದೀಸ್ ನಾವೆಲ್ಲ ಮದ್ರಸಾದಲ್ಲಿ ಕೇಳಿದವರೇ. ಪರೀಕ್ಷೆಗೆ ಬರೆದಾಗ ಅದು ಸುಲಭವಿತ್ತು.

ಕ್ಲೇ ಮಾಡದ ಕೆಲಸಗಳು

ಕ್ಲೇ ಗೀರು ತೆಗೆಯುವುದಿಲ್ಲ, ಬಿಸಿಲಿಗೆ ಮಾಸಿದ ಬಣ್ಣವನ್ನು ಮರಳಿ ತರುವುದಿಲ್ಲ. ಆಳಕ್ಕೆ ಇಳಿದ ಕಬ್ಬಿಣದ ಚುಕ್ಕಿಗೆ ಬೇರೆ ದ್ರಾವಣ ಉಂಟು, ಅದು ಕಬ್ಬಿಣ ತಾಗಿದ ಕಡೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮ್ಯಾಟ್ ಪೇಂಟಿಗೂ ಬಂಪರಿನ ಒರಟು ಕಪ್ಪು ಪ್ಲಾಸ್ಟಿಕ್ಕಿಗೂ ಕ್ಲೇ ಹಾಕಬಾರದು. ಹಳೆಯ ಕೆಲವು ಕಾರುಗಳಲ್ಲಿ ಕ್ಲಿಯರ್ ಕೋಟ್ ಇರುವುದಿಲ್ಲ. ಅಂಥ ಕಾರಿನ ಬಣ್ಣ ಸ್ವಲ್ಪ ಕ್ಲೇಗೆ ಹತ್ತಬಹುದು, ಹೆಚ್ಚು ಹಗುರವಾದ ಕೈ ಬೇಕು. ಕ್ಲೇ ಮಾಡಿದ ಮೇಲೆ ಹಳೆಯ ವ್ಯಾಕ್ಸ್ ಕೂಡ ಹೋಗಿರುತ್ತದೆ, ಆದ್ದರಿಂದ ಅದೇ ದಿನ ಹೊಸದಾಗಿ ವ್ಯಾಕ್ಸ್ ಹಚ್ಚಬೇಕು. ಹಚ್ಚದಿದ್ದರೆ ಮೂರು ತಾಲೂಕು ಮತ್ತೆ ಬಂದು ಕೂರುತ್ತದೆ. ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಸಾಕು. ಪ್ಲಾಸ್ಟಿಕ್ ಚೀಲಕ್ಕೆ ನುಣುಪಾಗಿ ತೋರಿದರೆ ಬೇಡವೇ ಬೇಡ.

ಲೆಕ್ಕ

ಕಾಮರ್ಸ್ ವಿದ್ಯಾರ್ಥಿ ಆದ್ದರಿಂದ ಲೆಕ್ಕ ಕೊಡದಿದ್ದರೆ ಆಗದು. ಕ್ಲೇ 450 ರೂಪಾಯಿ, ಮೂರು ಮೈಕ್ರೋಫೈಬರ್ ಬಟ್ಟೆ 240, ಶಾಂಪೂ 180, ವ್ಯಾಕ್ಸ್ 380. ಒಟ್ಟು 1,250 ರೂಪಾಯಿ. ಡಾಮರಿನ ದ್ರಾವಣ ಮಾಮು ಅಂಗಡಿಯದ್ದು, ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ನನ್ನ ಎರಡು ದಿನದ ಕೂಲಿ ಸೇರಿಸಿಲ್ಲ, ಗೀರಿನ ಲೆಕ್ಕದಲ್ಲಿ ಅದು ವಜಾ. ಸವಕಳಿ ಎಂದು ನಾವು ಪುಸ್ತಕದಲ್ಲಿ ವರ್ಷ ವರ್ಷ ಕಳೆಯುತ್ತೇವೆ. ಆದರೆ ಕಾರು ಹಳೆಯದಾಗಿ ಇಳಿದ ಬೆಲೆ ಬೇರೆ, ನೋಡಿಕೊಳ್ಳದೆ ಇಳಿದ ಬೆಲೆ ಬೇರೆ ಎಂದು ನನಗೆ ಆ ಬಾನೆಟ್ ಮೇಲೆ ಕೈಯಿಟ್ಟಾಗ ತಿಳಿಯಿತು.

ಮುಂದಿನ ವಾರ ವೇಣೂರು ಕಡೆಯ ಒಬ್ಬ ಅಡಕೆ ಕೃಷಿಕರು ಕಾರು ನೋಡಲು ಬಂದರು. ಅವರು ಬಾನೆಟ್ ಸವರುವ ಮೊದಲೇ ಅಬ್ಬಾ ಅವರನ್ನು ಎಡಬದಿಗೆ ಕರೆದುಕೊಂಡು ಹೋಗಿ, “ಇಲ್ಲಿ ಗೀರು ಉಂಟು, ನೋಡಿ. ಕ್ಲೀನ್ ಮಾಡುವಾಗ ನಮ್ಮ ಮನೆಯವರಿಂದಲೇ ಆದದ್ದು” ಎಂದರು. ನಾನು ಬಾಗಿಲ ಹತ್ತಿರ ತಲೆತಗ್ಗಿಸಿ ನಿಂತಿದ್ದೆ. ಅವರು ಬಗ್ಗಿ ನೋಡಿ, “ನೀವೇ ತೋರಿಸಿದಿರಲ್ಲ ಸಾಹೇಬ್ರೇ, ಎಂಜಿನ್ ಬಗ್ಗೆ ಇನ್ನು ನಾನು ಹೆಚ್ಚು ಕೇಳುವುದಿಲ್ಲ” ಎಂದು ನಕ್ಕರು. ಆದರೆ ಗೀರಿಗೆಂದು ಎರಡು ಸಾವಿರ ಕಡಿಮೆ ಮಾಡಿಸಿಯೇ ಬಿಟ್ಟರು. ಪೇಂಟಿನ ಹದಿನೈದು ಸಾವಿರದ ಮಾತು ಬರಲಿಲ್ಲ.

ಕಾರು ಗೇಟು ದಾಟಿ ಹೋಗುವಾಗ ಅಮ್ಮಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅಬ್ಬಾ ಹಣ ಎಣಿಸಿ, ನನ್ನ ಫೀಸಿನ ಪಾಲನ್ನು ನನ್ನ ಕೈಗೇ ಕೊಟ್ಟರು. ಗೀರಿನ ವಿಷಯ ಮತ್ತೆ ಎತ್ತಲಿಲ್ಲ.

ನಿಮ್ಮ ಮನೆಯಲ್ಲಿ ಕಾರು ಇದ್ದರೆ ಈ ಭಾನುವಾರ ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಕೈ ಹಾಕಿ ಒಮ್ಮೆ ಸವರಿ ನೋಡಿ. ಒರಟಾಗಿದ್ದರೆ ಕ್ಲೇ ತರಿಸಿ, ನೆರಳಿನಲ್ಲಿ ನಿಧಾನವಾಗಿ ಮಾಡಿ. ಕೈಯಿಂದ ಬಿದ್ದರೆ ಮಾತ್ರ, ಅದು ಕೊನೆಯ ತುಂಡಾಗಿದ್ದರೂ, ಎತ್ತಿಕೊಳ್ಳಬೇಡಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ