ಎರಡು ಗಂಟೇಲಿ ಬ್ಯಾಟರಿ ರೆಡಿ? ಲೆಕ್ಕ ಹಾಕಿ ನೋಡಿ ಸ್ವಾಮಿ!

ಬೆಳಗಿನ ಚಳಿ ಶುರುವಾಯಿತೆಂದರೆ ಬಸ್ ಸ್ಟ್ಯಾಂಡ್ ಆಸುಪಾಸಿನ ಬ್ಯಾಟರಿ ಅಂಗಡಿಗಳಿಗೆ ಸುಗ್ಗಿ. ಸೆಲ್ಫ್ ಒತ್ತಿದರೆ ‘ಕಟ್ ಕಟ್’ ಎಂದು ಸುಮ್ಮನಾಗುವ ಗಾಡಿಗಳ ಬ್ಯಾಟರಿಗಳು ಗೋಣಿಚೀಲದಲ್ಲಿ, ಡಿಕ್ಕಿಯಲ್ಲಿ, ಸೈಕಲ್ ಕ್ಯಾರಿಯರ್ ಮೇಲೆ ಬಂದು ಅಲ್ಲಿ ಸಾಲಾಗಿ ಕೂರುತ್ತವೆ. ಗಿರಾಕಿಯ ಪ್ರಶ್ನೆ ಒಂದೇ: “ಅಣ್ಣಾ, ಎಷ್ಟೊತ್ತಿಗಾಗುತ್ತೆ?” ಉತ್ತರವೂ ಬಹುಪಾಲು ಒಂದೇ: “ಎರಡು ಗಂಟೆ ಬಿಟ್ಟು ಬನ್ನಿ.”

ಈ ಎರಡು ಗಂಟೆಯ ಮಾತು ಎಷ್ಟು ನಿಜ? ಒಂದು ದಿನ ಗಾಡಿ ನಿಂತರೆ ದುಡಿಮೆಯೇ ಹೋಗುವ ಆಟೋದವರಿಗೂ, ಟೆಂಪೋದಲ್ಲಿ ಸರಕು ಬರಲೆಂದು ಬಾಗಿಲು ತೆರೆದು ಕಾಯುವ ಅಂಗಡಿಯವರಿಗೂ ಇದು ಸಣ್ಣ ವಿಷಯವೇನಲ್ಲ. ಆತುರದಲ್ಲಿ ಬ್ಯಾಟರಿಯೇ ಕೆಟ್ಟರೆ ಸಾವಿರಾರು ರೂಪಾಯಿ ಎಣಿಸಬೇಕಾದವರು ಗಿರಾಕಿಯೇ ತಾನೆ?

ಲೆಕ್ಕ ಮೂರನೇ ಕ್ಲಾಸಿನ ಭಾಗಾಕಾರ, ಅಷ್ಟೆ. ಕಾರಿನ ಬ್ಯಾಟರಿ ಮೈಮೇಲೆ 35 ಎ.ಎಚ್. ಎಂದು ಬರೆದಿದೆ ಅನ್ನಿ. ಅದು ತೊಟ್ಟಿಯ ಅಳತೆ. ಚಾರ್ಜರಿನ ಮೀಟರ್ ಮುಳ್ಳು ತೋರಿಸುವ ಆಂಪಿಯರ್ ಎಂದರೆ ತೊಟ್ಟಿಗೆ ಬಿಟ್ಟ ನಲ್ಲಿಯ ಧಾರೆ. ತೊಟ್ಟಿಯ ಹತ್ತರಲ್ಲೊಂದು ಪಾಲು ಧಾರೆ ಬಿಡುವುದು ಹಳೆಯ ಕಟ್ಟಳೆ. 35ಕ್ಕೆ 3.5 ಆಂಪಿಯರ್. ಭಾಗಿಸಿದರೆ 10 ಗಂಟೆ. ಆದರೆ ಹಾಕಿದ ಕರೆಂಟೆಲ್ಲ ಒಳಗೆ ಉಳಿಯುವುದಿಲ್ಲ. ಒಂದಿಷ್ಟು ಬಿಸಿಯಾಗಿ, ಗ್ಯಾಸಾಗಿ ಹೋಗುತ್ತದೆ. ಜೊತೆಗೆ ಬ್ಯಾಟರಿ ತುಂಬುತ್ತ ಬಂದಹಾಗೆ ಮಾಮೂಲಿ ಚಾರ್ಜರಿನ ಧಾರೆ ತಾನಾಗಿ ಸಣ್ಣದಾಗುತ್ತದೆ. ಹೀಗಾಗಿ ಮೇಲೆ ಎರಡರಿಂದ ನಾಲ್ಕು ಗಂಟೆ ಸೇರಿಸಿ. ಪೂರ್ತಿ ಖಾಲಿಯಾದ ಬ್ಯಾಟರಿಗೆ 12ರಿಂದ 14 ಗಂಟೆ, ಅರ್ಧ ಇಳಿದಿದ್ದರೆ 6–7 ಗಂಟೆ. ನಡುವೆ ಕರೆಂಟ್ ಹೋದರೆ ಆ ಹೊತ್ತು ಲೆಕ್ಕಕ್ಕಿಲ್ಲ!

ಎಷ್ಟು ಇಳಿದಿದೆ ಅಂತ ಗೊತ್ತಾಗುವುದು ಹೇಗೆ? ಗಾಡಿ ನಿಂತು ಕೆಲವು ಗಂಟೆಯಾದ ಮೇಲೆ ಮೀಟರ್ ಹಿಡಿದರೆ 12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 11.9ಕ್ಕೆ ಬಂದರೆ ಖಾಲಿ ಎಂದೇ ತಿಳಿಯಿರಿ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಹೈಡ್ರೋಮೀಟರ್ ಇಳಿಬಿಟ್ಟು ಗ್ರಾವಿಟಿ ನೋಡುತ್ತಾರೆ. 1.260ರ ಹತ್ತಿರವಿದ್ದರೆ ತುಂಬಿದ್ದು, 1.190 ಅರ್ಧ, 1.120 ಖಾಲಿ. ಈ ಗಾಜಿನ ಕೊಳವೆ ಮುಟ್ಟದೆ, ಬರೀ ಕಣ್ಣಂದಾಜಿನಲ್ಲಿ ಗಂಟೆ ಹೇಳುವವರ ಮಾತಿಗೆ ಬೆಲೆ ಅಷ್ಟಕ್ಕಷ್ಟೆ.

ಹಾಗಾದರೆ ‘ಎರಡು ಗಂಟೆ’ ಶುದ್ಧ ಸುಳ್ಳೇ? ಅದೂ ಅಲ್ಲ, ಇಲ್ಲೇ ಇರುವುದು ಗಮ್ಮತ್ತು. 3.5 ಆಂಪಿಯರಿನಲ್ಲಿ ಎರಡು ಗಂಟೆಗೆ 7 ಎ.ಎಚ್. ಒಳಗೆ ಹೋಗುತ್ತದೆ. ಎಂಜಿನ್ ಒಂದು ಸಲ ಎಬ್ಬಿಸಲು ಅದರಲ್ಲಿ ಚಿಟಿಕೆಯಷ್ಟು ಸಾಕು. ಸಂಜೆ ಗಾಡಿ ‘ಘರ್’ ಎಂದು ಸ್ಟಾರ್ಟ್ ಆಗುತ್ತದೆ, ಗಿರಾಕಿ ಖುಷಿಯಾಗಿ ದುಡ್ಡು ಕೊಟ್ಟು ಹೋಗುತ್ತಾನೆ. ಬ್ಯಾಟರಿ ಮಾತ್ರ ಮುಕ್ಕಾಲು ಹಸಿದೇ ಇದೆ. ಊರೊಳಗೇ ಓಡಾಡುವ ಗಾಡಿ ಆ ಹಸಿವು ತೀರಿಸದು. ಹೀಗೆ ಅರೆಹೊಟ್ಟೆಯಲ್ಲಿ ದಿನ ತಳ್ಳಿದರೆ ಸೀಸದ ಪ್ಲೇಟಿನ ಮೇಲೆ ಬಿಳಿ ಸಲ್ಫೇಟ್ ಗಟ್ಟಿಯಾಗಿ ಕೂತು, ಮುಂದೆ ಎಷ್ಟು ಚಾರ್ಜ್ ಹಾಕಿದರೂ ಹಿಡಿಯುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಗಳ ಬ್ಯಾಟರಿಗಳು ಸತ್ತದ್ದು ಈ ರೋಗದಿಂದಲೇ.

ಇನ್ನು ನಿಜವಾಗಿಯೂ ಎರಡು ಗಂಟೆಯಲ್ಲಿ ತುಂಬಿಸಲು ಹೊರಟರೆ 20 ಆಂಪಿಯರ್ ಮೀರಿ ನುಗ್ಗಿಸಬೇಕು. ಬ್ಯಾಟರಿ ಕೈಗೆ ಸುಡುತ್ತದೆ, ಪ್ಲೇಟು ಬಾಗುತ್ತದೆ, ನೀರು ಆವಿಯಾಗುತ್ತದೆ.

ಸ್ಕೂಟರಿನವರು ಇನ್ನೊಂದು ವಿಷಯ ಕೇಳಿಕೊಳ್ಳಬೇಕು. ಕೆಲವೆಡೆ ಬ್ಯಾಟರಿಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಒಂದೇ ಚಾರ್ಜರಿಗೆ ಹಾಕುತ್ತಾರೆ. ಆಗ ಎಲ್ಲದರಲ್ಲೂ ಹರಿಯುವುದು ಅಷ್ಟೇ ಆಂಪಿಯರ್. ಲಾರಿಯ 150 ಎ.ಎಚ್. ಬ್ಯಾಟರಿಗೆ 10 ಆಂಪಿಯರ್ ಅಂದರೆ ಹದವಾದ ಊಟ. ಅದೇ ಸಾಲಿನಲ್ಲಿ ಸಿಕ್ಕಿಬಿದ್ದ 5 ಎ.ಎಚ್. ಸ್ಕೂಟರ್ ಬ್ಯಾಟರಿಗೆ? ಅರ್ಧ ಆಂಪಿಯರ್ ಸಾಕಾಗಿದ್ದ ಬಡಪಾಯಿಗೆ ಇಪ್ಪತ್ತು ಪಟ್ಟು! “ನಂದನ್ನ ಬೇರೆ ಹಾಕಿ” ಎಂದು ಬಾಯಿಬಿಟ್ಟು ಹೇಳುವುದು ಗಿರಾಕಿಯ ಹಕ್ಕು.

ಅಪಾಯವೂ ಉಂಟು. ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿಗೆ ಸಿಡಿಯುತ್ತದೆ, ಆಸಿಡ್ ಮುಖಕ್ಕೆ ಹಾರುತ್ತದೆ. ಬ್ಯಾಟರಿ ಸಾಲಿನ ಪಕ್ಕದಲ್ಲೇ ಬೀಡಿ, ಊದುಬತ್ತಿ ಹಚ್ಚುವವರಿಗೆ ಏನೆನ್ನಬೇಕು? ಕ್ಲಿಪ್ಪು ಕಚ್ಚಿಸುವಾಗಲೂ ತೆಗೆಯುವಾಗಲೂ ಚಾರ್ಜರ್ ಆಫ್ ಇರಬೇಕು. ಕೆಂಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಕೋಣೆಗೆ ಗಾಳಿ ಆಡಬೇಕು, ಪಕ್ಕದಲ್ಲಿ ಒಂದು ಬಕೆಟ್ ನೀರಿರಬೇಕು.

ಪ್ಲೇಟು ಒಣಗಿ ಕಂಡರೆ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಮೊದಲು ಹಾಕಿ, ಗೆರೆ ಮುಟ್ಟುವಷ್ಟು ಚಾರ್ಜ್ ಮುಗಿದ ಮೇಲೆ ಹಾಕಿ. ನಲ್ಲಿ ನೀರೂ ಬೇಡ, ಆಸಿಡ್ಡೂ ಬೇಡ. ಗಂಟೆಗೊಮ್ಮೆ ನೋಡಿದಾಗ ಎರಡು ಮೂರು ಸಲ ಗ್ರಾವಿಟಿ ಏರದೆ ಅಲ್ಲೇ ನಿಂತರೆ ತುಂಬಿತು ಎಂದರ್ಥ.

ಅಂದಹಾಗೆ, ಕಾರಿನ ಬ್ಯಾಟರಿ ಪೂರ್ತಿ ತುಂಬಲು ಸುಡುವುದು ಹೆಚ್ಚುಕಮ್ಮಿ ಒಂದು ಯೂನಿಟ್ ಕರೆಂಟ್. ಗಿರಾಕಿ ಕೊಡುವ ದುಡ್ಡಿನಲ್ಲಿ ಹೆಚ್ಚಿನ ಪಾಲು ಅಂಗಡಿಯವನ ಕಾವಲಿಗೆ, ತಾಳ್ಮೆಗೆ. ಅಂಗಡಿಗಳಲ್ಲಿರುವ ಇನ್ವರ್ಟರ್ ಬ್ಯಾಟರಿಗೂ ಲೆಕ್ಕ ಇದೇ: 150 ಎ.ಎಚ್. ಖಾಲಿಯಾದರೆ 15 ಆಂಪಿಯರಿನಲ್ಲೂ 12 ಗಂಟೆಗೆ ಕಡಿಮೆಯಿಲ್ಲ. ಆದರೆ ಲೀಥಿಯಂ ಬ್ಯಾಟರಿಯ ಎಲೆಕ್ಟ್ರಿಕ್ ಆಟೋ, ಸ್ಕೂಟರಿನವರು ಈ ಅಂಗಡಿಗಳತ್ತ ತಲೆ ಹಾಕುವುದೇ ಬೇಡ. ಅವಕ್ಕೆ ಕಂಪನಿ ಕೊಟ್ಟ ಚಾರ್ಜರೇ ಆಗಬೇಕು.